ಏಳನೇ ಟ್ಯಾಂಕಿನ ತಳದ ಮೊದಲ ಗುಟುಕು

ಉಡನ ಭಾವನಿಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. ಭಾವ ಸತ್ತು ನಾಲ್ಕು ವರ್ಷವಾಯಿತು. ಅಕ್ಕ ಕೇಳಲು ಹೋದಾಗಲೆಲ್ಲ ಆಫೀಸಿನವರದು ಒಂದೇ ರಾಗ: ಕೂಲಿ ಪಡೆಯುವವರೇ ಖುದ್ದಾಗಿ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಮೊದಲ ಸಲ ಅಕ್ಕ ಅತ್ತಳು. ಎರಡನೇ ಸಲ ಬೈದಳು. ಮೂರನೇ ಸಲ, "ಇರ್ಲಿ ಬಿಡಿ, ನೀವೇ ಮೇಲಕ್ಕೆ ಹೋದಾಗ ಸಹಿ ಹಾಕಿಸ್ಕೊಂಡು ಕೊಟ್ಟುಬಿಡಿ" ಎಂದು ಹೇಳಿ ಬಂದಳು.

ಉಡ ಬಿಯರ್ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯುವವನು. ಅವನಿಗೆ ಬೇರೆ ಹೆಸರಿದೆ, ಆದರೆ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಓಡಾಡುತ್ತದೆ. ಟ್ಯಾಂಕಿನ ನೆತ್ತಿಯ ಮೇಲಿರುವ ಬಾಯಿ ಹದಿನೆಂಟು ಅಂಗುಲ. ಎರಡೂ ಕೈ ಮೇಲೆತ್ತಿ, ಒಂದು ಭುಜ ಮೊದಲು, ಇನ್ನೊಂದು ಭುಜ ಆಮೇಲೆ ಇಳಿಸಿ, ಉಸಿರು ಬಿಟ್ಟು ಎದೆ ಕುಗ್ಗಿಸಿಕೊಂಡು ಒಳಗೆ ಜಾರುವುದು ಅವನೊಬ್ಬನಿಗೇ ಸಲೀಸು. ಅದಕ್ಕೇ ಉಡ. ಒಳಗೆ ಮೂರಾಳು ಆಳ. ಬಿಯರ್ ಬಸಿದ ಮೇಲೆ ತಳದಲ್ಲಿ ಮೊಣಕಾಲುದ್ದ ಗಸಿ ಉಳಿದಿರುತ್ತದೆ, ಮಂದವಾಗಿ, ಕೆಸರಿನ ಬಣ್ಣದ್ದು. ಅದನ್ನು ಗೋರಿ ಬಕೆಟ್ಟಿಗೆ ತುಂಬಬೇಕು, ಗೋಡೆ ಉಜ್ಜಬೇಕು. ಗಸಿಯ ಮೇಲೆ ಬಿಯರ್ ಹುಳಿಯುವಾಗ ಹುಟ್ಟಿದ ಗ್ಯಾಸು ನಿಂತಿರುತ್ತದೆ. ಕಣ್ಣಿಗೆ ಕಾಣದು. ಗಾಳಿಗಿಂತ ಭಾರವಾದ್ದರಿಂದ ಬಾವಿಯಲ್ಲಿ ನೀರು ನಿಂತ ಹಾಗೆ ತಳ ಹಿಡಿದು ನಿಂತಿರುತ್ತದೆ. ಅದರೊಳಗೆ ಇಳಿದವನು ಕೂಗುವುದಕ್ಕೂ ಪುರುಸೊತ್ತಿಲ್ಲದೆ ಬಿದ್ದುಹೋಗುತ್ತಾನೆ.

ಆ ಶನಿವಾರ ಮಧ್ಯಾಹ್ನ ಉಡ ಏಳನೇ ಟ್ಯಾಂಕಿನ ನೆತ್ತಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಅಷ್ಟರಲ್ಲಾಗಲೇ ಮೂರು ಸಲ ಉಚ್ಚೆ ಹೊಯ್ದು ಬಂದಿದ್ದ. ನಾಲ್ಕು ವರ್ಷದಿಂದ ಹೀಗೇ. ಟ್ಯಾಂಕಿಗೆ ಇಳಿಯುವ ದಿನ ಬೆಳಗಿನಿಂದಲೇ ಊಟ ಇಳಿಯುವುದಿಲ್ಲ.

"ಮೀಟರ್ ಎಲ್ಲಿ ಮೇಸ್ತ್ರಿ?" ಎಂದು ಕೇಳಿದ.

ಮೀಟರ್ ಎಂದರೆ ಗ್ಯಾಸು ಇದೆಯೋ ಇಲ್ಲವೋ ಎಂದು ಹೇಳುವ ಅಂಗೈಯಗಲದ ಡಬ್ಬಿ. ಭಾವ ಸತ್ತ ಮೇಲೆ ಒಂದನ್ನು ತಂದಿದ್ದರು. ಅದು ಕೆಟ್ಟು ಆರು ವಾರ.

"ರಿಪೇರಿಗೆ ಹೋಗಿದೆ ಅಂತ ಎಷ್ಟು ಸಲ ಹೇಳ್ಬೇಕೋ?" ಮೇಸ್ತ್ರಿ ಕೆಳಗಿನಿಂದಲೇ ಕೂಗಿದ. "ಮೂಗಿದೆಯಲ್ಲ, ನೋಡ್ಕೊಂಡು ಇಳಿ. ಮೂರು ಗಂಟೆಗೆ ಗೆಸ್ಟುಗಳು ಬಂದು ಇಣುಕ್ತಾರೆ. ಒಳಗೆ ಫಳಫಳ ಅನ್ಬೇಕು."

"ಗಾಳಿ ಊದೋ ಫ್ಯಾನು?"

"ಅದನ್ನ ಗೆಸ್ಟುಗಳಿಗೆ ಹಾಕಿದೀವಿ. ಅವ್ರಿಗೆ ಸೆಕೆ."

ಮೇಸ್ತ್ರಿ ಕೆಟ್ಟವನೇನಲ್ಲ, ಪುಕ್ಕಲ. ಮ್ಯಾನೇಜರು ಕೆಮ್ಮಿದರೆ ಇವನಿಗೆ ನೆಗಡಿ ಬರುತ್ತದೆ. "ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು ಮಾರಾಯ," ಎಂದು ದನಿ ತಗ್ಗಿಸಿದ. "ಗೇಟಿನ ಹೊರಗೆ ಹತ್ತು ಜನ ನಿಂತಿದಾರೆ. ಆಮೇಲೆ ನಿಮ್ಮಕ್ಕನ್ನ ಲೇಬಲ್ ವಿಭಾಗದಲ್ಲಿ ಇಟ್ಕೊಳ್ಳೋದೂ ನನ್ನ ಕೈಲಿಲ್ಲ."

ಅಂದರೆ ಇಳಿಯದಿದ್ದರೆ ಒಂದೇ ಮನೆಯ ಎರಡೂ ಸಂಪಾದನೆ ಹೋಗುತ್ತದೆ. ಇಳಿದರೆ ಜೀವ ಹೋದರೂ ಹೋಗಬಹುದು. ಉಡ ಇವೆರಡರ ನಡುವೆ ಕಾಲು ಇಳಿಬಿಟ್ಟು ಕೂತಿದ್ದ.

ಟ್ಯಾಂಕಿನ ಪಕ್ಕದಲ್ಲೇ ತಗಡಿನ ತಡಿಕೆ. ತಡಿಕೆಯ ಆಚೆ ಉದ್ದನೆಯ ಮರದ ಮೇಜು, ಅದರ ಸುತ್ತ ಹದಿನೈದಿಪ್ಪತ್ತು ಜನ. ಕಾರ್ಖಾನೆಯ ಹಾಪ್ಸ್ ಏಲ್ ಎಂಬ ಬಿಯರು ಮಾರುಕಟ್ಟೆಗೆ ಬಂದು ನಾಲ್ಕು ವರ್ಷವಾಯಿತೆಂದು ಅದರ ಅಭಿಮಾನಿಗಳನ್ನು ಕರೆಸಿದ್ದರು. ಹಾಪ್ಸ್ ಎಂದರೆ ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹೂವು. ಮಾಮೂಲಿ ಬಿಯರಿಗೆ ಚಿಟಿಕೆಯಷ್ಟು, ಈ ಏಲ್‌ಗೆ ಮೂಟೆಗಟ್ಟಲೆ. ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಮೊದಲ ಗುಟುಕಿನ ಕಥೆ ಹೇಳಬೇಕು. ಚೆನ್ನಾಗಿ ಹೇಳಿದವರಿಗೆ ಒಂದು ಪೆಟ್ಟಿಗೆ ಉಚಿತ.

ಉಡನಿಗೆ ಎಲ್ಲವೂ ಕೇಳಿಸುತ್ತಿತ್ತು.

"ನನಗಂತೂ ಯಾರೋ ಕಷಾಯ ಕುಡಿಸಿದ್ರು ಅನ್ಸ್ತು," ಎಂದು ರಿಟೈರಾದ ಮೇಷ್ಟರೊಬ್ಬರು ಹೇಳುತ್ತಿದ್ದರು. "ಉಗುಳೋಣ ಅಂದ್ರೆ ಎದುರಿಗೆ ಬೀಗರು! ನುಂಗಿದೆ. ಐದು ನಿಮಿಷ ಬಿಟ್ಟು ನಾಲಿಗೆ ತಾನಾಗೇ ಇನ್ನೊಂದು ಕೇಳ್ತು ನೋಡಿ."

"ನಂಗೆ ನಿಂಬೆ ಸಿಪ್ಪೆ ಕಚ್ಚಿದ ಹಾಗಾಯ್ತು," ಎಂದಳು ಒಬ್ಬಳು. ಹಲ್ಲಿನ ಡಾಕ್ಟರಂತೆ. "ನಮ್ಮೆಜಮಾನ್ರು ಮುಖ ಹಿಂಡಿದ್ರು ನೋಡಿ, ಅವತ್ತೇ ಗೊತ್ತಾಯ್ತು, ಇದು ಪೂರ್ತಿ ನನ್ನ ಪಾಲಿಗೇ ಅಂತ."

ಜೋರು ನಗು. ಗ್ಲಾಸುಗಳ ಸದ್ದು. ಆ ಘಮ ತಡಿಕೆ ದಾಟಿ ಉಡನ ಮೂಗಿಗೆ ಬಂತು: ಮರದ ಅಂಟು, ಹುಲ್ಲು, ನಿಂಬೆ ಸಿಪ್ಪೆ. ಉಡ ಅಂಗಿಯ ತುದಿಯಿಂದ ಮೂಗು ಮುಚ್ಚಿಕೊಂಡ.

ಅವನ ಮೊದಲ ಗುಟುಕೂ ಇದೇ ಏಲ್‌ನದು. ಇದೇ ಟ್ಯಾಂಕು.

ಆಗ ಮೀಟರ್ ಇರಲಿಲ್ಲ, ಮೂಗೇ ಮೀಟರ್. ಇಳಿಯುವ ಮೊದಲು ಬಾಯಿಗೆ ಮುಖವಿಟ್ಟು ಒಮ್ಮೆ ಎಳೆದು ನೋಡುವುದು ಇಲ್ಲಿನವರ ಪದ್ಧತಿ. ಸೋಡಾ ಕುಡಿದಾಗ ಮೂಗಿಗೆ ಏರುತ್ತದಲ್ಲ, ಹಾಗೆ ಚುರ್ ಎಂದರೆ ಗ್ಯಾಸಿದೆ ಎಂದರ್ಥ. ಕಾಯಬೇಕು. ಚುರ್ ಎನ್ನದಿದ್ದರೆ ಇಳಿಯಬಹುದು. ಅಪ್ಪಂದಿರ ಕಾಲದಿಂದ ಹೀಗೆಯೇ ಬದುಕಿದ್ದರು, ಮಾಮೂಲಿ ಬಿಯರಿಗೆ ಅದು ಹೇಗೋ ನಡೆದುಹೋಗಿತ್ತು. ಹಾಪ್ಸ್ ಏಲ್‌ನ ಮೊದಲ ಟ್ಯಾಂಕು ಬಸಿದ ದಿನ ಉಡ ಮುಖವಿಟ್ಟು ಎಳೆದ. ಚುರ್ ಎಂದಿತು. ಆದರೆ ಚುರ್ ಜೊತೆಗೇ ಹಿಂದೆಂದೂ ಕಾಣದ ಘಮ ನೆತ್ತಿಗೇರಿತು.

"ಭಾವ, ನೀವೊಂದ್ಸಲ ನೋಡಿ."

ಹಗ್ಗ ಹಿಡಿದಿದ್ದ ಭಾವ ಬಗ್ಗಿ ಎಳೆದು, ಸೀನಿ, ನಕ್ಕ. "ಇದು ಸೋಡಾ ಅಲ್ಲ ಕಣೋ, ಹೂವಿನ ಖಾರ. ಮೂಟೆ ಮೂಟೆ ಸುರಿದಿದಾರಲ್ಲ, ಮೂಗು ಉರಿಯದೆ ಇನ್ನೇನು? ಇಳಿ ಇಳಿ. ಊಟದ ಹೊತ್ತಿಗೆ ಮುಗಿಸೋಣ."

ಉಡನಿಗೂ ಹಾಗೇ ಅನ್ನಿಸಿತು. ಹಾಪ್ಸ್ ಹೂವು ಮೂಗಿಗೆ ಉರಿಯುವುದಿಲ್ಲ ಎಂದು ಇಬ್ಬರಿಗೂ ಯಾರೂ ಹೇಳಿರಲಿಲ್ಲ. ಇಪ್ಪತ್ತು ವರ್ಷ ಟ್ಯಾಂಕು ತೊಳೆದವರು ಒಂದು ಗ್ಲಾಸು ಏಲ್ ಕುಡಿದಿರಲಿಲ್ಲ. ಕುಡಿದಿದ್ದರೆ ಗೊತ್ತಾಗುತ್ತಿತ್ತು.

ಏಣಿಯ ನಾಲ್ಕನೇ ಮೆಟ್ಟಿಲವರೆಗೆ ನೆನಪಿದೆ. ಐದನೆಯದು ಇಲ್ಲ. ಗಸಿಯಲ್ಲಿ ಮುಖ ಅಡಿಯಾಗಿ ಬಿದ್ದಾಗ ಬಾಯಿ ತುಂಬ ಕಹಿ ನುಗ್ಗಿತು. ಆ ಕಹಿ ನೆನಪಿದೆ. ನಾಲಿಗೆಯ ಬುಡಕ್ಕೆ ಮೊಳೆ ಹೊಡೆದ ಹಾಗೆ. ಆಮೇಲೆ ಕಣ್ಣು ಬಿಟ್ಟಿದ್ದು ಸಿಮೆಂಟು ನೆಲದ ಮೇಲೆ. ಸೊಂಟದ ಹಗ್ಗದಲ್ಲಿ ಎಳೆದರೆ ಮೈ ಅಡ್ಡವಾಗಿ ಬಾಯಿಗೆ ಸಿಕ್ಕಿಕೊಳ್ಳುತ್ತದೆಂದು ಭಾವ ಇಳಿದು, ಉಡನ ಕಂಕುಳಿಗೆ ಹಗ್ಗ ಬಿಗಿದು, "ಎಳೀರಿ" ಎಂದು ಕೂಗಿದ್ದನಂತೆ. ನಾಲ್ಕು ಜನ ಎಳೆದರು. ಎಳೆದು ಮಲಗಿಸಿ, ಗಂಟು ಬಿಚ್ಚಿ, ಮತ್ತೆ ಹಗ್ಗ ಇಳಿಬಿಡುವಷ್ಟರಲ್ಲಿ ಒಳಗೆ ಅದನ್ನು ಹಿಡಿಯುವವರು ಯಾರೂ ಇರಲಿಲ್ಲ.

ಕಾರ್ಖಾನೆ ಕಾಗದದಲ್ಲಿ ಬರೆದದ್ದು ಒಂದೇ ಪದ: ಅಜಾಗರೂಕತೆ. ಆ ಟ್ಯಾಂಕಿನ ಏಲ್ ಅಷ್ಟು ಹೊತ್ತಿಗಾಗಲೇ ಬಾಟಲಿಗೆ ಹೋಗಿತ್ತು. ಚೆನ್ನಾಗಿ ಮಾರಾಟವಾಯಿತು.

"ಲೋ."

ಉಡ ಬೆಚ್ಚಿಬಿದ್ದ. ಅಕ್ಕ ಮೆಟ್ಟಿಲು ಹತ್ತಿ ಬಂದಿದ್ದಳು. ಬೆರಳುಗಳಿಗೆ ಇನ್ನೂ ಲೇಬಲಿನ ಅಂಟು ಮೆತ್ತಿತ್ತು.

"ನೀನ್ಯಾಕೆ ಇಲ್ಲಿ?"

"ಹಗ್ಗ ಹಿಡಿಯೋನಿಗೆ ಜ್ವರ ಅಂತೆ. ನನ್ನ ಕಳಿಸಿದ್ರು." ಅಕ್ಕ ಟ್ಯಾಂಕಿನ ಬಾಯಿಯ ಕಡೆ ನೋಡಲೇ ಇಲ್ಲ. "ನನ್ನ ತೂಕ ನಲವತ್ತೆರಡು ಕೇಜಿ. ನೀನು ಬಿದ್ರೆ ನಾನು ಎಳೀತೀನಾ, ಇಲ್ಲ ನಿನ್ನ ಜೊತೆ ಒಳಗೆ ಬೀಳ್ತೀನಾ?"

"ಬೀಳಲ್ಲ ಬಿಡು ಅಕ್ಕಾ. ಮೂಗಿಟ್ಟು ನೋಡ್ತೀನಿ."

"ಸಾಕು ಮಾಡೋ! ಅವತ್ತೂ ನಿಮ್ಮಿಬ್ಬರಿಗೂ ಮೂಗಿತ್ತು."

ಉಡ ಸೊಂಟಕ್ಕೆ ಹಗ್ಗ ಸುತ್ತಿಕೊಂಡ. ಗಂಟು ಎರಡು ಸಲ ಬಿಚ್ಚಿಹೋಯಿತು. ಅಕ್ಕ ಕುಕ್ಕರಗಾಲಲ್ಲಿ ಕೂತು ಹಗ್ಗದ ತುದಿ ಕೈಗೆ ತೆಗೆದುಕೊಂಡಳು. ಚಿಕ್ಕವನಿದ್ದಾಗ ಚಡ್ಡಿಯ ಲಾಡಿ ಕಟ್ಟುತ್ತಿದ್ದವಳೂ ಅವಳೇ. ಆದರೆ ಗಂಟು ಹಾಕಲಿಲ್ಲ. ಹಗ್ಗ ಹಿಡಿದುಕೊಂಡೇ ತಡಿಕೆಯ ಸಂದಿನಲ್ಲಿ ಆಚೆ ನೋಡಿದಳು. ಹಾಡುಹಗಲಲ್ಲೂ ಅಲ್ಲಿ ಮೇಜಿನ ಮೇಲೆ ಅಲಂಕಾರಕ್ಕೆಂದು ಗಾಜಿನ ಲೋಟಗಳಲ್ಲಿ ಮೇಣದಬತ್ತಿಗಳು ಉರಿಯುತ್ತಿದ್ದವು.

"ಇರು," ಎಂದು ಹೇಳಿ ದಡದಡ ಇಳಿದು ಹೋದಳು.

ತಡಿಕೆಯ ಆಚೆ ನಗು ಒಮ್ಮೆಲೇ ನಿಂತಿತು. "ಏಯ್, ಯಾರಮ್ಮ ನೀನು?" ಎಂದು ಮ್ಯಾನೇಜರ ದನಿ. ಅಕ್ಕ ಮೇಜಿನಿಂದ ಒಂದು ಲೋಟ ಎತ್ತಿಕೊಂಡು, ಬತ್ತಿಗೆ ಸೆರಗು ಅಡ್ಡ ಹಿಡಿದು ತಿರುಗಿ ಬಂದಳು. ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದು ತಿಳಿದು ಗೆಸ್ಟುಗಳು ಗ್ಲಾಸು ಹಿಡಿದುಕೊಂಡೇ ಅವಳ ಹಿಂದೆ ಮೆಟ್ಟಿಲು ಹತ್ತಿ ಬಂದರು. ಮ್ಯಾನೇಜರು ನಡುವೆ ಸಿಕ್ಕಿಕೊಂಡು ಹಲ್ಲು ಕಿರಿಯುತ್ತ ಬಂದ. ಎಲ್ಲರ ಹಿಂದೆ ಮೇಸ್ತ್ರಿ, ಬೆವರೊರೆಸಿಕೊಳ್ಳುತ್ತ.

ಹಳೇ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಹಾಗೆ, ಉಡ ಗಸಿ ಎತ್ತುವ ಬಕೆಟ್ಟಿನಲ್ಲಿ ಲೋಟವಿಟ್ಟ. ಸೊಂಟದ ಹಗ್ಗ ಬಿಚ್ಚಿ ಬಕೆಟ್ಟಿಗೆ ಕಟ್ಟಿ ಮೆಲ್ಲಗೆ ಇಳಿಬಿಟ್ಟ. ಒಂದು ಮಾರು ಇಳಿಯಿತು. ಬೆಳಕಿತ್ತು. ಒಂದೂವರೆ ಮಾರು. ಜ್ವಾಲೆ ಬಿಳಿಚಿಕೊಂಡು ಮೇಣದಿಂದ ಮೇಲೆದ್ದು ನಿಂತಿತು. ಎರಡು ಮಾರಿಗೆ, ಯಾರೋ ಎರಡು ಬೆರಳಿನಿಂದ ಹೊಸಕಿದ ಹಾಗೆ, ಆರಿತು.

ಮೆಟ್ಟಿಲ ಮೇಲೆ ನಿಂತು ಇಣುಕುತ್ತಿದ್ದವರಿಂದ ಚಪ್ಪಾಳೆ ಬಿತ್ತು.

"ವಾಹ್! ಇದು ಹೇಗೆ ಮಾಡ್ತೀರಿ?" ಎಂದರು ಮೇಷ್ಟರು.

ಹಲ್ಲಿನ ಡಾಕ್ಟರು ಚಪ್ಪಾಳೆ ತಟ್ಟಲಿಲ್ಲ. ಅವಳ ಮುಖದ ನಗು ಇಳಿದಿತ್ತು. "ಇವರು ಈಗ ಇದರೊಳಗೆ ಇಳಿಯೋರಿದ್ರಾ?" ಎಂದು ಮ್ಯಾನೇಜರನ್ನು ಕೇಳಿದಳು.

"ಛೇ ಛೇ, ಎಲ್ಲಾ ವ್ಯವಸ್ಥೆ ಇದೆ ಮೇಡಂ," ಎಂದ ಮ್ಯಾನೇಜರು. "ಬನ್ನಿ, ಮುಂದಿನವರ ಕಥೆ ಕೇಳೋಣ."

"ಮುಂದಿನ ಕಥೆ ಇಲ್ಲೇ ಇದೆ ಸಾರ್," ಎಂದಳು ಅಕ್ಕ. "ಲೋ, ಹೇಳೋ. ನಿಂದೂ ಒಂದು ಮೊದಲ ಗುಟುಕು ಇದೆಯಲ್ಲ."

ಉಡನಿಗೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಎದೆಯಲ್ಲಿ, ಟ್ಯಾಂಕಿನ ಹೆದರಿಕೆ ಹೊಟ್ಟೆಯಲ್ಲಿ. ಎರಡನ್ನೂ ಇಟ್ಟುಕೊಂಡೇ ಹೇಳಿದ. ಬಾಯಲ್ಲಿ ಬಂದದ್ದು ಮೂರು ನಾಲ್ಕು ಮಾತು.

"ನಾನು ಕುಡಿದಿದ್ದು ಇದರ ತಳದಲ್ಲಿ ಸಾರ್. ಮುಖ ಅಡಿಯಾಗಿ ಬಿದ್ದಿದ್ದೆ. ಸಿಕ್ಕಾಪಟ್ಟೆ ಕಹಿ. ನನ್ನ ಎತ್ತೋಕೆ ಬಂದ ನಮ್ಮ ಭಾವ ಅಲ್ಲೇ ಉಳಿದರು. ನೀವು ಮೊದಲನೇ ವರ್ಷ ಕುಡಿದಿದ್ದು ಈ ಟ್ಯಾಂಕಿಂದೇ."

ಮೇಷ್ಟರು ತಮ್ಮ ಗ್ಲಾಸನ್ನು ಎಲ್ಲಿಡುವುದೆಂದು ತಿಳಿಯದೆ ಅತ್ತಿತ್ತ ನೋಡಿ, ಕೊನೆಗೆ ಮೆಟ್ಟಿಲ ಮೇಲೆ ಇಟ್ಟರು. ಯಾರೋ ಹಿಂದಿನಿಂದ, "ನಮಗೇನ್ ಗೊತ್ತಿತ್ತು?" ಎಂದರು. ಒಬ್ಬೊಬ್ಬರಾಗಿ ಕಾರುಗಳ ಕಡೆ ನಡೆದರು. ಉಚಿತ ಪೆಟ್ಟಿಗೆಯನ್ನು ಯಾರು ಒಯ್ದರೋ, ಒಯ್ದಂತೂ ಆಯಿತು.

ಟ್ಯಾಂಕಿನ ಬಾಯಿ ಮುಚ್ಚಿಸಿ ಮೇಸ್ತ್ರಿ ಹೇಳಿದ: "ಇವತ್ತು ಬೇಡ ಬಿಡು. ಸೋಮವಾರ ಮೀಟರ್ ಬರುತ್ತೆ."

"ಯಾವ ಸೋಮವಾರ?" ಎಂದಳು ಅಕ್ಕ.

ಮೇಸ್ತ್ರಿ ಮುಚ್ಚಳದ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದ.

ಉಡ ಇಳಿದು ಬಂದು, ಅಕ್ಕನ ಭುಜ ಹಿಡಿದು ಗೇಟಿನವರೆಗೆ ನಡೆದ. ಹೆದರಿಕೆ ಹೋಗಿರಲಿಲ್ಲ, ಎರಡು ದಿನ ಮುಂದಕ್ಕೆ ಹೋಗಿತ್ತು, ಅಷ್ಟೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಏಳನೇ ಟ್ಯಾಂಕಿನ ಬಾಯಿ ಮತ್ತೆ ತೆರೆಯುತ್ತದೆ. ಮೀಟರ್ ಬಂದಿರಬಹುದು, ಬಂದಿರಲಿಕ್ಕಿಲ್ಲ. ಮೇಣದಬತ್ತಿ ಏನೇನೂ ಸಾಲದು. ಅದು ಆರಿದರೆ ಸಾವಿದೆ ಎಂದು ತಿಳಿಯುತ್ತದೆ. ಆರದಿದ್ದ ಮಾತ್ರಕ್ಕೆ ಸಾವಿಲ್ಲ ಎಂದು ತಿಳಿಯುವುದಿಲ್ಲ.

ಈಗ ಇದನ್ನು ಓದುತ್ತಿರುವ ನಿಮ್ಮ ವಿಷಯಕ್ಕೆ ಬರೋಣ. ನೀವೂ ಕುಡಿಯುತ್ತೀರಿ, ಅಥವಾ ಕುಡಿಯುವವರ ಮನೆಯವರು. ಕುಡಿಯಿರಿ, ಅದು ನಿಮ್ಮ ಇಷ್ಟ. ಮೊದಲ ಗುಟುಕಿನ ಕಥೆಯನ್ನೂ ಚಂದ ಮಾಡಿ ಹೇಳಿಕೊಳ್ಳಿ. ಆದರೆ "ನಮಗೇನ್ ಗೊತ್ತಿತ್ತು" ಎನ್ನುವ ದಾರಿ ಇವತ್ತಿಗೆ ಮುಚ್ಚಿತು, ಈಗ ನಿಮಗೆ ಗೊತ್ತಾಗಿದೆ. ನಿಮ್ಮ ಬಾಟಲಿಯ ಮೇಲೆ ಕಾರ್ಖಾನೆಯ ಫೋನ್ ನಂಬರು ಇರುತ್ತದೆ. ಸೋಮವಾರ ಎಂಟಕ್ಕೆ ಮೊದಲು ಆ ನಂಬರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಟ್ಯಾಂಕಿಗೆ ಇಳಿಯುವವನ ಕೈಯಲ್ಲಿ ಮೀಟರ್ ಇದೆಯಾ? ಫ್ಯಾನು ಯಾರಿಗೆ ಗಾಳಿ ಹಾಕುತ್ತಿದೆ? ಸತ್ತವನ ಹನ್ನೊಂದು ದಿನದ ಕೂಲಿ ಅವನ ಹೆಂಡತಿಗೆ ಯಾವತ್ತು ಕೊಡುತ್ತೀರಿ? ಉತ್ತರ ಸಿಗುವವರೆಗೆ ಫೋನ್ ಇಡಬೇಡಿ. ಉತ್ತರ ಸಿಗುವವರೆಗೆ ಗ್ಲಾಸೂ ಎತ್ತಬೇಡಿ.