ನುಣುಪು ಕಲ್ಲು ಕೀಳಿಸಿದ ಶರಣಮ್ಮ ಆಯಿ

ಖಾಲಿ ಪಡಸಾಲೆಯಲ್ಲಿ ಶರಣಮ್ಮ ಆಯಿ ಎರಡೂ ಕಾಲು ಚಾಚಿ ಕುಳಿತಿರುತ್ತಿದ್ದಳು. ಪಾದಗಳ ನಡುವೆ ಗೇಣು ಜಾಗ. ಕಣಕಾಲ ಮೇಲೆ ಕೂಸನ್ನು ಕಕ್ಕಸಿಗೆ ಕೂರಿಸಿಕೊಂಡವರ ಹಾಗೆ ಕೈ ಮುಂದೆ ಹಿಡಿದು, "ಹ್ಞೂಂ... ಹ್ಞೂಂ..." ಎನ್ನುತ್ತಿದ್ದಳು. ಕೈಯಲ್ಲಿ ಕೂಸು ಇರುತ್ತಿರಲಿಲ್ಲ. ಶಹಾಬಾದದ ನಮ್ಮ ಓಣಿಯ ಮಕ್ಕಳೆಲ್ಲ ಆ ಬಾಗಿಲನ್ನು ಓಡಿಯೇ ದಾಟುತ್ತಿದ್ದೆವು.

ಹಾಗಂತ ಆಕೆ ಹುಚ್ಚಿಯಲ್ಲ. ಬಾಣಂತಿ ಮನೆಗಳಲ್ಲಿ ಕೂಸುಗಳಿಗೆ ನೀರು ಹಾಕುವುದು ಆಕೆಯ ಕೆಲಸ. ಮಕ್ಕಳಿಗೆ ಹೊಟ್ಟೆ ಕಟ್ಟಿದರೂ ಆಕೆಗೇ ಕರೆ. ಔಷಧದ ಮಾತೇ ಇಲ್ಲ. "ಕೂಸು ಎಲ್ಲಿ ಕುಂದರ್ತದ, ಮೊದಲ ಆ ಜಾಗಾ ತೋರಿಸ್ರಿ" ಎನ್ನುತ್ತಿದ್ದಳು. ನಾಲಿಗೆ ಮಾತ್ರ ಭಾರಿ ಹರಿತ. ಓಣಿಯಲ್ಲಿ ಆಕೆಯಿಂದ ಬೈಸಿಕೊಳ್ಳದ ಸೊಸೆಯೇ ಇರಲಿಲ್ಲ.

ನನ್ನ ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ನಿಜಾಮರ ಆ ಕಾಲದಲ್ಲಿ ಹಿತ್ತಲಲ್ಲಿ ಸಂಡಾಸ, ಅಂದರೆ ಕಕ್ಕಸು, ಇದ್ದುದೇ ದೊಡ್ಡಸ್ತಿಕೆ. ಅಪ್ಪ ಅದಕ್ಕೂ ತಿಕ್ಕಿ ತಿಕ್ಕಿ ಹೊಳೆಯಿಸಿದ ಕಲ್ಲು ಹಾಸಿಸಿದ. "ತಹಶೀಲ್ದಾರ್ ಸಾಹೇಬರ ಮನ್ಯಾಗೂ ಇಂಥಾದ್ದಿಲ್ಲ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ನೆಂಟರಿಗೆ ಸಂಡಾಸ ತೋರಿಸುವ ಯಜಮಾನ ಬೇರೆಲ್ಲೂ ಇದ್ದಿರಲಿಕ್ಕಿಲ್ಲ ಬಿಡಿ. ಕಾಲಿಡುವ ಕಲ್ಲುಗಳು ದೊಡ್ಡವರ ಅಳತೆಗೆ ದೂರ ದೂರ ಇದ್ದವು. ನೀರು ಬಿದ್ದರೆ ಜಾರುತ್ತಿದ್ದವು. ಕೆಳಗೆ ಕತ್ತಲ ಗುಂಡಿ. ಐದು ವರ್ಷದ ನಾನು ಬಾಗಿಲ ಚೌಕಟ್ಟು ಹಿಡಿದು ಅರ್ಧ ಬಗ್ಗಿ ನಿಂತು, ಹಾಗೆಯೇ ಎದ್ದು ಬರುತ್ತಿದ್ದೆ. ಏಳು ದಿನ ಹೊಟ್ಟೆ ಕಟ್ಟಿತು. ಊಟ ಬಿಟ್ಟೆ.

ಹೆದರಿದ ಅವ್ವ ಜಾಪಾಳದ ಬೀಜ ತೇಯಲು ಕುಳಿತಳು. ಗಟ್ಟಿ ಆಳನ್ನೂ ನೆಲಕ್ಕೆ ಕೆಡವುವ ಭೇದಿಯ ಮದ್ದು ಅದು. ಅಷ್ಟರಲ್ಲಿ ಬಂದ ಆಯಿ, "ಏನ್ ತೇಯಲಿಕತ್ತಿ?" ಎಂದವಳೇ ಸಾಣೆಕಲ್ಲನ್ನು ಕಸಿದು ಅಂಗಳಕ್ಕೆ ಎಸೆದಳು.

"ನನ್ನ ಮಗಗ ನಾನೇ ಕೈಯಾರೆ ಇದನ್ನ ನೆಕ್ಕಿಸೀನಿ. ನಾಕ ವರ್ಷದಾಂವ. ಹೊತ್ತು ಮುಣಗೂದ್ರಾಗ ನೀರಾಗಿ ಹರದು ಹೋದ. ಇನ್ನೊಂದು ಕೂಸು ಹಂಗ ಹೋಗೂದು ನಾ ನೋಡಂಗಿಲ್ಲ."

ಆಮೇಲೆ ಸಂಡಾಸ ನೋಡಿ ಬಂದು ಅಪ್ಪನನ್ನು ಹಿಡಿದಳು. "ಮೇಸ್ತ್ರಿ, ಇದೇನು ಕೂಸು ಕುಂದ್ರೂ ಜಾಗಾನೋ, ಮಾರಿ ನೋಡ್ಕೊಳ್ಳೂ ಜಾಗಾನೋ? ಕಾಲು ಜಾರ್ತದಂತ ಅಂಜಿ ಹುಡುಗಿ ಮೈಯೆಲ್ಲಾ ಬಿಗಿ ಹಿಡದಾಳ. ಮೈ ಬಿಗದ್ರ ಹೊಟ್ಟಿ ಹೆಂಗ ಬಿಡ್ತದ್ರಿ?"

ಎರಡು ಒರಟು ಪರಸಿ ತುಂಡು ತರಿಸಿ, ಹಿತ್ತಲ ಮಣ್ಣಿನಲ್ಲಿ ನನ್ನ ಕಾಲಳತೆಗೆ ಹತ್ತಿರ ಹತ್ತಿರ ಹುಗಿದಳು. ಬೆಚ್ಚಗಿನ ನೀರು ಕುಡಿಸಿ ನನ್ನನ್ನು ಕೂರಿಸಿದಳು. "ಪಾದ ಪೂರಾ ಊರು. ಮೊಳಕಾಲು ಹೊಟ್ಟಿಗಿ ಹತ್ತಲಿ. ಮುಕ್ಕರಿಬ್ಯಾಡ. ನನ್ನ ಹೆಗಲು ಹಿಡಕೋ, ನಾ ಎಲ್ಲೀನೂ ಹೋಗಂಗಿಲ್ಲ."

ಊಟದ ಹೊತ್ತು ಕಳೆದಾಗಲೆಲ್ಲ ಹಾಗೆ ಕೂರಿಸಿದಳು. ಮರುದಿನ ಸಂಜೆ ಹೊಟ್ಟೆ ಬಿಟ್ಟಿತು. ಅಪ್ಪ ತನ್ನ ನುಣುಪು ಕಲ್ಲುಗಳನ್ನು ತಾನೇ ಕಿತ್ತು ಹಾಕಿದ.

ಚಿಂಚೋಳಿಗೆ ಸೊಸೆಯಾಗಿ ಹೋದಾಗ ನನಗೆ ಹದಿನೈದು. ಅಲ್ಲಿ ನೆಗೆಣ್ಣಿಯ ಮೂರು ವರ್ಷದ ಮಗಳಿಗೆ ಹೊಟ್ಟೆ ಕಟ್ಟಿತು. ಅತ್ತೆ ಜಾಪಾಳ ತೇದರು. ನನಗೆಲ್ಲ ಗೊತ್ತಿತ್ತು. ಹೊಸ ಸೊಸೆ, ಹಿರಿಯರ ಎದುರು ಬಾಯಿ ತೆರೆಯುವುದು ಹೇಗೆಂದು ಸೆರಗು ಹಿಡಿದು ಬಾಗಿಲ ಹಿಂದೆ ನಿಂತೆ. ಕೂಸು ಉಳಿಯಲಿಲ್ಲ.

ತವರಿಗೆ ಬಂದವಳೇ ಆಯಿಯ ಮನೆಗೆ ಹೋದೆ. ಮುಪ್ಪಿಗೆ ಆಕೆಯ ಕಣ್ಣು ಮಂಜಾಗಿತ್ತು. ಎಲ್ಲ ಹೇಳಿದೆ.

"ನೀ ಅಲ್ಲೇ ಇದ್ದಿ?" ಎಂದಳು.

"ಇದ್ದೆ ಆಯಿ."

"ಬಾಯಿ ಬಿಡಲಿಲ್ಲ?"

"ಇಲ್ಲ."

ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದೆ. ಆಕೆ ಸ್ವಲ್ಪ ಸರಿದು ಚಾಪೆಯ ಮೇಲೆ ತನ್ನ ಪಕ್ಕ ಜಾಗ ಮಾಡಿದಳು. "ಕುಂದ್ರು" ಎಂದಳು. ಕುಳಿತೆ. ಅವ್ವ ಕರೆಯಲು ಬರುವವರೆಗೂ ಇಬ್ಬರೂ ಹಾಗೆಯೇ ಕುಳಿತಿದ್ದೆವು.

ಮುಂದಿನ ಸಲ ನಾನು ತವರಿಗೆ ಬರುವಷ್ಟರಲ್ಲಿ ಆಯಿ ತೀರಿಕೊಂಡಿದ್ದಳು. ಅಂದು ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾನಿನ್ನೂ ಅದಕ್ಕೇ ಕಾಯುತ್ತಿದ್ದೇನೆ.