ತಾಳ ಕೇಳಿಸದ ಕಾರು

ಭದ್ರಾವತಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿಯಿತ್ತು. ನನ್ನ ಯಜಮಾನರು ಹರೆಯದಿಂದಲೂ ಅದರ ಸದ್ದಿನ ನಡುವೆಯೇ ಬದುಕಿದವರು. ಅವರಿಗಿದ್ದದ್ದು ಎರಡೇ ಶೋಕಿ. ಕಾಫಿ ತೋಟದವರೊಬ್ಬರಿಂದ ಕೊಂಡ ಹಳೆಯ ಜರ್ಮನ್ ಕಾರು ಒಂದು. ಶನಿವಾರದ ಭಜನೆ ಇನ್ನೊಂದು. ಹಾಡಲು ಬರುತ್ತಿರಲಿಲ್ಲ. ತಾಳ ಹಾಕಲು ಮಾತ್ರ ಅವರೇ ಆಗಬೇಕು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಮೆಲ್ಲಗೆ ಮಾತಾಡುವುದೇ ಸಭ್ಯತೆ ಎಂದು ಸಿಸ್ಟರುಗಳು ಕಲಿಸಿದ್ದರು. ಅಡುಗೆಮನೆಯಿಂದ ಕರೆದರೆ ಇವರು ಓಗೊಡುತ್ತಿರಲಿಲ್ಲ. "ಇವರು ನನ್ನ ಮಾತೇ ಕೇಳಲ್ಲ" ಎಂದು ಅತ್ತಿಗೆಯ ಹತ್ತಿರ ದೂರಿದರೆ ಅವರು, "ಯಾವ ಗಂಡ ಕೇಳ್ತಾನೆ ಮಾರಾಯ್ತಿ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸು ಇರಬೇಕು. ಕಾರಿನಲ್ಲಿ ಭಜನೆಯ ಕ್ಯಾಸೆಟ್ ಹಾಕಿಕೊಂಡು ಹೋಗುತ್ತಿದ್ದಾಗ ಇವರು, "ಸ್ಪೀಕರ್ ಹೋಗಿದೆ ಕಣೆ. ಮೃದಂಗ ಬರುತ್ತೆ, ತಾಳನೇ ಬರ್ತಿಲ್ಲ" ಎಂದರು. ನನ್ನ ಕಡೆಯಿಂದ ಬರುತ್ತಿತ್ತು. ಅವರ ಕಡೆಯ ಬಾಗಿಲಿನದು ಕೆಟ್ಟಿರಬಹುದು ಅಂದುಕೊಂಡೆ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಕಾರಿನ ಸ್ಪೀಕರ್ ಮಾರುವ ಅಂಗಡಿಯೊಂದಿತ್ತು. ಅಂಗಡಿಯವರು ಬಾಗಿಲಿನ ಜಾಲರಿ ಬಿಚ್ಚಿ ಹಳೆಯದನ್ನು ಹೊರತೆಗೆದರು. ಅದರ ಕಪ್ಪು ಕಾಗದದ ಮೇಲೆ ತೆಳುವಾಗಿ ತೌಡಿನ ಧೂಳು ಕೂತಿತ್ತು. ಎಲ್ಲೂ ಹರಿದಿರಲಿಲ್ಲ.

"ಹಳೇ ಗಾಡಿ ಸಾರ್, ಜಾಗ ಸಣ್ಣದು. ದೊಡ್ಡದು ಕೂರಲ್ಲ. ಈ ಮೂರರಲ್ಲೇ ಆರಿಸ್ಬೇಕು."

ಒಂದೊಂದಾಗಿ ತಂತಿ ಸಿಕ್ಕಿಸಿ ನಮ್ಮ ಕ್ಯಾಸೆಟ್ಟನ್ನೇ ಹಾಕಿದರು. ಇವರು ಕಣ್ಣು ಮುಚ್ಚಿ ನಿಂತಿದ್ದರು. ಮೊದಲನೆಯದಕ್ಕೂ ಬೇಡವೆಂದು ತಲೆಯಾಡಿಸಿದರು, ಎರಡನೆಯದಕ್ಕೂ. ಮೂರನೆಯದಕ್ಕೆ, "ಏನ್ರೀ ಇದು, ಎಲ್ಲಾ ಒಂದೇ ಕಂಪನಿದಾ? ತಾಳಕ್ಕೇನು ರಜ ಕೊಟ್ಟಿದ್ದೀರಾ?" ಎಂದು ತಮಾಷೆ ಮಾಡಿದರು.

ಅಂಗಡಿಯವರು ನಗಲಿಲ್ಲ. ಮೂರನೆಯದರ ಜೋಡಿಯಲ್ಲಿ ದೊಡ್ಡದರ ತಂತಿ ಕಿತ್ತು, ಕೀರಲು ದನಿಗೆಂದೇ ಇರುವ ಗುಂಡಿಯಷ್ಟಗಲದ ಸ್ಪೀಕರನ್ನು ಮಾತ್ರ ಉಳಿಸಿದರು. ಹಾಡು ತೆಳ್ಳಗಾಯಿತು. ಕಿಣಿ ಕಿಣಿ ಎಂದು ತಾಳ ಎದ್ದು ಬಂತು, ರಸ್ತೆಯ ಹಾರನ್ನುಗಳ ನಡುವೆಯೂ ಸ್ಪಷ್ಟವಾಗಿ.

ಇವರು ಕಣ್ಣು ಮುಚ್ಚಿಯೇ ಇದ್ದರು. ಸ್ವಲ್ಪ ಹೊತ್ತು ಕಾದು, "ಹ್ಞೂಂ, ಹಾಕಿಯಪ್ಪ" ಎಂದರು.

ಅಂಗಡಿಯವರು ನನ್ನನ್ನು ನೋಡಿದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಇವರು ಕಣ್ಣು ಬಿಟ್ಟರು. ತಿರುಗುತ್ತಿದ್ದ ಕ್ಯಾಸೆಟ್ಟನ್ನು ನೋಡಿದರು, ಆಮೇಲೆ ನನ್ನ ಮುಖವನ್ನು.

"ಬರ್ತಿದೆಯಾ?"

ತಲೆಯಾಡಿಸಿದೆ.

"ತಾಳಾನೂ?"

ಅದಕ್ಕೂ ಹೌದೆಂದು ತಲೆಯಾಡಿಸಿದೆ.

ಅವರು ಮುಂದೆ ಬಾಗಿ, ಬಾಗಿಲಿನ ತಗಡಿನ ಮೇಲೆ ಅಂಗೈ ಇಟ್ಟುಕೊಂಡು ಒಂದು ಗಳಿಗೆ ಹಾಗೇ ನಿಂತರು. ಅತ್ತಿಗೆಯ ಹತ್ತಿರ ಅಷ್ಟು ವರ್ಷ ಹೇಳಿದ ಮಾತು ನನ್ನ ಕಿವಿಯಲ್ಲಿ ತಿರುಗುತ್ತಿತ್ತು. ಕೇಳಲ್ಲ ಅಂತಿದ್ದೆ. ಕೇಳಿಸಲ್ಲ ಅನ್ನಬೇಕಿತ್ತು.

"ಹಳೇದನ್ನೇ ಮತ್ತೆ ಹಾಕ್ಲಾ ಸಾರ್? ಅದು ಚೆನ್ನಾಗೇ ಇದೆ" ಎಂದರು ಅಂಗಡಿಯವರು, ಮೊದಲಿಗಿಂತ ಗಟ್ಟಿಯಾಗಿ.

"ಬೇಡ. ಬಿಚ್ಚಿದ್ದಾಯ್ತಲ್ಲ." ಇವರು ನನ್ನ ಕಡೆ ತಿರುಗಿದರು. "ನೀನೇ ಆರ್ಸು. ಇನ್ನು ಕೇಳೋಳು ನೀನೇ ಅಲ್ವಾ."

ಮೂರನ್ನೂ ಮತ್ತೆ ಕೇಳಿಸಿದರು. ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಮೂರರಲ್ಲೂ ತಾಳವೊಂದೇ ಕೇಳಿಸುತ್ತಿತ್ತು. ನಡುವಿನದನ್ನು ತೋರಿಸಿದೆ.

ಭದ್ರಾವತಿಯ ದಾರಿಯುದ್ದಕ್ಕೂ ಅವರು ಕ್ಯಾಸೆಟ್ ಹಾಕಿಯೇ ಇದ್ದರು. ಆಗಾಗ ನನ್ನ ಕೈ ನೋಡುತ್ತಿದ್ದರು. ಯಾಕೆಂದು ಆಮೇಲೆ ಅರ್ಥವಾಯಿತು. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕುಳಿತೆ. ಸ್ಟೀರಿಂಗಿನ ಮೇಲಿದ್ದ ಅವರ ಹೆಬ್ಬೆರಳು ನನ್ನ ಬೆರಳನ್ನು ನೋಡಿಕೊಂಡು, ಒಂದು ಪೆಟ್ಟು ಹಿಂದಾಗಿ, ಆಡುತ್ತಿತ್ತು.