ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದ ಆಯಿ

ಆಯಿಯ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿದ್ದ ಜಾಗದಲ್ಲಿ ಹುಣಸೆಬೀಜದಂಥ ಗಟ್ಟಿ ಕಪ್ಪು ಚರ್ಮ. ಪ್ರತಿ ಸಂಜೆ ನಾವು ತಂಗುವ ಶಾಲೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಆ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ, ಬಂದವರನ್ನೆಲ್ಲ ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದರು. ಮೊದಲು ಪಾದ, ಆಮೇಲೆ ಸೀರೆಯ ಅಂಚು, ಬೇಕೆನಿಸಿದರೆ ಕೊನೆಗೆ ಮುಖ.

ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ಗುಂಪುಗಳು ಹೊರಡುತ್ತವೆ. ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದ ಈ ಹಿರಿಯಳ ಗುಂಪು ಹಿರೇಕೆರೂರಿನಿಂದ ಹೊರಟು, ಅಕ್ಕಿಆಲೂರಿನಲ್ಲಿ ನನ್ನಂಥ ನಾಲ್ಕು ಜನರನ್ನು ಸೇರಿಸಿಕೊಂಡು, ಹಾನಗಲ್ಲು, ಶಿಗ್ಗಾಂವಿ, ಸವಣೂರು ದಾಟಿ ಮೂಡಲಿಗೆ ಹೋಗುತ್ತಿತ್ತು. ಹದಿನೈದು ಹದಿನಾರು ದಿನದ ದಾರಿ. ಚೀಲಗಳು ಟೆಂಪೊದಲ್ಲಿ, ಜನ ಕಾಲ ಮೇಲೆ. ಚಪ್ಪಲಿ ಹಾಕಬಹುದು, ದಣಿದರೆ ಕೂರಬಹುದು, ಗಾಡಿ ಮಾತ್ರ ಹತ್ತುವಂತಿಲ್ಲ. ಹತ್ತಿದರೆ ಹರಕೆ ಮುರಿದಂತೆ. ಸಾಲಿನ ಮುಂದೆ ನಿಶಾನೆ ಹಿಡಿದವರು, ಸಾಲಿನ ಕೊನೆಗೆ ಯಾವಾಗಲೂ ಆಯಿ.

ಹರಕೆ ನನ್ನದಲ್ಲ. ನಮ್ಮಕ್ಕನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆವು. ಅಲ್ಲಿಯ ಬೆಂಚಿನ ಮೇಲೆ ಕೂತು ಅವ್ವ ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತಳು. ಅವಳ ಮೊಣಕಾಲು ಬಾಗಿಲು ದಾಟುವುದಕ್ಕೇ ಒಪ್ಪುತ್ತಿರಲಿಲ್ಲ. ಹೀಗಾಗಿ ಹೊಲಿಗೆ ಮಷಿನ್ನಿಗೆ ಬಟ್ಟೆ ಮುಚ್ಚಿ ನಾನು ಹೊರಟೆ. ನನಗೆ ಭಕ್ತಿ ಅಷ್ಟಕ್ಕಷ್ಟೇ. ಹೆದರಿಕೆ ಮಾತ್ರ ಬೇಕಾದಷ್ಟಿತ್ತು.

"ಯಾರ ಸಲುವಾಗಿ ನಡ್ಯಾಕತ್ತೀ?" ಮೊದಲ ದಿನವೇ ಆಯಿ ಕೇಳಿದರು.

"ನಮ್ಮಕ್ಕನ ಸಲುವಾಗಿ ರೀ."

"ಹರಕಿ ಹೊತ್ತಾಕಿ ಯಾರು?"

"ನಮ್ಮವ್ವ ರೀ."

"ಹಂಗಾರ ನಿನ್ನವು ಬಾಡಿಗಿ ಕಾಲು," ಅಂದರು. "ಬಾಡಿಗಿ ಕಾಲಿನ ಮ್ಯಾಲ ಒಂದು ಕಣ್ಣು ಇಟ್ಟಿರಬೇಕವಾ."

ನನಗೆ ಮೈ ಉರಿದುಹೋಯಿತು. ಆದರೆ ಅವರು ಅನುಮಾನಿಸದ ವಸ್ತುವೇ ಆ ದಾರಿಯಲ್ಲಿ ಇರಲಿಲ್ಲ. ಊರವರು ಪ್ರೀತಿಯಿಂದ ಉಪ್ಪಿಟ್ಟು ಬಡಿಸಿದರೆ ಮೂಗಿಗೆ ಹಿಡಿದು, "ಯಾವಾಗ ಮಾಡಿದ್ದು ಇದು?" ಅನ್ನುತ್ತಿದ್ದರು. ಹಾನಗಲ್ಲಿನಲ್ಲಿ ಕೆಲವು ಹುಡುಗರು ಯಾತ್ರಿಕರ ಕಾಲೊತ್ತುವ ಸೇವೆಗೆ ನಿಂತಿದ್ದರು, ಅವರ ಎಣ್ಣೆ ಬಾಟಲಿ ಕಸಿದುಕೊಂಡು, ಮುಚ್ಚಳ ತೆಗೆದು ಮೂಸಿ, "ಮನ್ಯಾಗ ನಿಮ್ಮವ್ವನ ಕಾಲ ಒತ್ತೀರೇನ?" ಎಂದು ಕೇಳಿದರು. ಆಯಿ ಕಾಲು ಕೊಡಲಿಲ್ಲ.

ಶಿಗ್ಗಾಂವಿಯಲ್ಲಿ ತಡಸದ ಹೆಂಗಸೊಬ್ಬಳು ನಮ್ಮನ್ನು ಸೇರಿಕೊಂಡಳು. ನಾಲ್ಕನೇ ಸಲ ಬರುತ್ತಿದ್ದವಳು. ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ದನಿ ತಗ್ಗಿಸಿ, "ಆಯಿ ದಿನಾ ಹಿಂದ ಯಾಕ ಉಳೀತಾರ ಗೊತ್ತೈತೇನ?" ಅಂದಳು. "ಹಿಂದ ಇದ್ದಾವ್ರನ್ನ ನೋಡಾವ್ರು ಯಾರು? ಬಸ್ ಹತ್ತಿ ಬರ್ತಾರಂತ, ಮಂದಿ ಮಾತಾಡ್ತಾರ."

ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮಾರನೆಯ ಬೆಳಗಿನಿಂದ ನಾನೇ ಆಯಿಯನ್ನು ಕಾಯತೊಡಗಿದೆ. ಅರ್ಧ ತಾಸಿಗೊಮ್ಮೆ ತಿರುಗಿ ನೋಡುತ್ತಿದ್ದೆ. ಕೆಲವು ಸಲ ಕಾಣುತ್ತಿದ್ದರು, ಕೆಲವು ಸಲ ಇಲ್ಲ. ಕಾಣದಿದ್ದಾಗ ಮನಸ್ಸು ಹಿಗ್ಗುತ್ತಿತ್ತು.

ಅದೇ ದಿನ ಸವಣೂರಿನ ದಾರಿಯಲ್ಲಿ ನನ್ನ ಹಿಮ್ಮಡಿಯ ಗುಳ್ಳೆ ಒಡೆಯಿತು. ಗುಂಪು ಡಾಂಬರು ಬಿಟ್ಟು ಕಪ್ಪುಮಣ್ಣಿನ ಎರೆಹೊಲಗಳ ನಡುವಿನ ಒಳದಾರಿ ಹಿಡಿದಿತ್ತು. ನಾನು ಬಟ್ಟೆ ಕಟ್ಟಿಕೊಳ್ಳುವ ನೆಪದಲ್ಲಿ ರಸ್ತೆಬದಿಯಲ್ಲೇ ಕೂತೆ. ಆಯಿ ಎಲ್ಲೂ ಕಾಣಲಿಲ್ಲ. ಅಷ್ಟರಲ್ಲಿ ಒಂದು ಟಂಟಂ ಆಟೊ ಬಂದು ಎದುರಿಗೇ ನಿಂತಿತು. ದೊಡ್ಡವರೇ ಬಸ್ಸು ಹತ್ತುವಾಗ ನನ್ನದೇನು ಮಹಾ ಅಂದುಕೊಂಡು ಹತ್ತಿಬಿಟ್ಟೆ. ಸವಣೂರಿನ ಹೊರಗೆ ಇಳಿದು, ಬೇವಿನ ಮರದ ಕೆಳಗೆ ಕೂತಿದ್ದು, ಗುಂಪು ಬಂದಾಗ ಮೆಲ್ಲಗೆ ಅದರೊಳಗೆ ಸೇರಿಕೊಂಡೆ.

ಸಂಜೆ ಆಯಿ ಎಣ್ಣೆ ತಿಕ್ಕುತ್ತ ಕೂತಿದ್ದರು. ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳದ ಹಾಗೆ ಅಂದರು: "ಎಲ್ಲಾರ ಸೀರಿ ಅಂಚಿಗೂ ಎರಿಮಣ್ಣು ಹತ್ತೇತಿ. ನಿನ್ನ ಅಂಚಿನಾಗ ಇನ್ನೂ ಶಿಗ್ಗಾಂವಿ ಕೆಂಪುಮಣ್ಣ ಐತಲ್ಲ?"

"ತೊಳಕೊಂಡೆ ರೀ."

"ಎರಿಮಣ್ಣು ತೊಳದು ಕೆಂಪು ಉಳಿಸಿದೇನ?"

ಜೀವಮಾನವೆಲ್ಲ ಸೀರೆಗೆ ಫಾಲ್ ಹಚ್ಚಿ ಬದುಕಿದವಳು ನಾನು. ಅಂಚು ನೋಡಿಕೊಳ್ಳುವ ಬುದ್ಧಿ ನನಗಿಲ್ಲದೆ ಹೋಯಿತು. ತಲೆ ತಗ್ಗಿಸಿದೆ. "ಮುಂಜಾನೆ ಮೊದಲ್ನೇ ಬಸ್ಸಿಗೆ ತಯಾರಾಗು," ಎಂದರು ಆಯಿ. ನನ್ನನ್ನು ಊರಿಗೆ ಅಟ್ಟುತ್ತಾರೆ, ಅವ್ವನಿಗೆ ಹೇಳಿಬಿಡುತ್ತಾರೆ ಎಂದುಕೊಂಡೇ ಮಲಗಿದೆ.

ಬೆಳಗ್ಗೆ ಗುಂಪು ಮುಂದಕ್ಕೆ ನಡೆಯಿತು. ನಾವಿಬ್ಬರು ಬಸ್ಸಿನಲ್ಲಿ ಹಿಂದಕ್ಕೆ ಬಂದೆವು; ಹಿಂದಕ್ಕೆ ಹೋಗಲು ಗಾಡಿ ಹತ್ತಿದರೆ ಹರಕೆ ಮುರಿಯದೆಂದರು ಆಯಿ. ನಾನು ತೋರಿಸಿದ ಕಡೆ ಇಳಿದೆವು.

"ಇಲ್ಲೇ ಹತ್ತಿದ್ದೇನ? ಖರೇ ಹೇಳು."

"ಇನ್ನ ಸ್ವಲ್ಪ ಹಿಂದ ರೀ. ಆ ಜಾಲಿಗಿಡದ ಹತ್ರ."

ಜಾಲಿಗಿಡದವರೆಗೂ ಕರೆದೊಯ್ದು, ನನ್ನನ್ನು ನಿಲ್ಲಿಸಿ, ಒಳದಾರಿಯ ಕಡೆ ಕೈ ತೋರಿಸಿದರು. "ಈಗ ನಡಿ."

ಆಗಲೂ ಅವರು ನನ್ನ ಹಿಂದೆಯೇ ನಡೆದರು. ನಿನ್ನೆಯಷ್ಟೇ ನಡೆದ ದಾರಿಯನ್ನು, ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ, ನನಗಾಗಿ ಎರಡನೇ ಸಲ. ಅವರು ನಿಜವಾಗಿ ನಿನ್ನೆ ನಡೆದಿದ್ದರೆ ತಾನೆ, ಎಂದು ನನ್ನ ಮನಸ್ಸು ಕುಟುಕಿತು. ಸಿಟ್ಟಿಗೆದ್ದು ಕೇಳಿಯೇಬಿಟ್ಟೆ: "ನೀವು ಬಸ್ ಹತ್ತತೀರಂತ ಮಂದಿ ಅಂತಾರಲ್ರಿ?"

ಹೆಜ್ಜೆ ಸಪ್ಪಳ ನಿಂತಿತು. ತಿರುಗಿ ನೋಡಿದೆ. ಆಯಿಯ ಮುಖದಲ್ಲಿ ಸಿಟ್ಟಿರಲಿಲ್ಲ.

"ಬಸ್ಸಲ್ಲ, ಟ್ರ್ಯಾಕ್ಟರ್," ಅಂದರು. "ಮೊದಲ್ನೇ ವರ್ಷ. ಮಗಗ ಜ್ವರ ತಲಿಗೇರಿತ್ತು, ಅದಕ್ಕ ಹರಕಿ ಹೊತ್ತಿದ್ದೆ. ಕಾಲು ಸೋತು ಒಂದು ಹರದಾರಿ ಟ್ರ್ಯಾಕ್ಟರ್ ಹತ್ತಿದೆ. ಯಾರೂ ನೋಡಲಿಲ್ಲ."

"ಮಗ?"

"ಆರಾಮಾದ. ಈಗ ಅವಗ ಮೊಮ್ಮಕ್ಕಳದಾರ. ಆದ್ರ ಅವಗ ಒಂದು ಕೆಮ್ಮು ಬಂದ್ರ ಸಾಕು, ನಾ ಹತ್ತಿದ್ದಕ್ಕ ಬಂತೇನೋ ಅಂತ ಕುಂತಲ್ಲೇ ಬೆವರತೇನಿ."

"ಆಮ್ಯಾಲ ಎಷ್ಟು ಸಲ ನಡದೀರಲ್ರಿ ಆಯಿ."

"ಆ ವರ್ಷದ್ದು ಆ ವರ್ಷನ ನಡೀಬೇಕಿತ್ತು. ನನ್ನ ಯಾರೂ ವಾಪಸ್ ಕರಕೊಂಡು ಹೋಗ್ಲಿಲ್ಲ. ನಡಿ ನಡಿ, ಬಿಸಲಾತು."

ಅದು ನಡೆದದ್ದೋ, ನನ್ನನ್ನು ನಡೆಸಲು ಅಲ್ಲೇ ಕಟ್ಟಿದ ಕತೆಯೋ, ನನಗೆ ಇವತ್ತಿಗೂ ಅನುಮಾನವಿದೆ. ಆಯಿಯ ಜೊತೆ ಓಡಾಡಿದವರಿಗೆ ಆ ಚಟ ಅಂಟುತ್ತದೆ. ಗುಂಪನ್ನು ಹಿಡಿಯಲು ನಮಗೆ ಮೂರು ದಿನ ಬೇಕಾಯಿತು. ಎಲ್ಲಿ ಉಳಿದುಕೊಂಡಿದ್ದೆವೆಂದು ಆಯಿ ಯಾರಿಗೂ ಹೇಳಲಿಲ್ಲ. ತಡಸದವಳು ನನ್ನ ಕಿವಿಯಲ್ಲಿ, "ಬಸ್ ಹತ್ತಿದ್ರೇನ?" ಅಂದಾಗ, "ಹೂಂ, ಹತ್ತಿದ್ವಿ," ಅಂದೆ. ಅದೂ ನಿಜವೇ. ಶ್ರೀಶೈಲದ ಮೆಟ್ಟಿಲನ್ನೂ ಆಯಿ ಎಲ್ಲರಿಗಿಂತ ಕೊನೆಗೆ ಹತ್ತಿದರು, ನನ್ನ ಹಿಮ್ಮಡಿ ನೋಡುತ್ತ.

ಆಯಿ ತೀರಿಕೊಂಡು ಎರಡು ವರ್ಷವಾಯಿತು. ಮಣ್ಣಿಗೆ ಹೋಗಿದ್ದೆ. ಅವರಿಗೆ ಹೇಳಬೇಕಾದ ಮಾತೊಂದನ್ನು ಹೇಳದೆಯೇ ಉಳಿಸಿಕೊಂಡೆ. ಹೇಳಲು ಹೋದರೆ ಅಳು ಬರುತ್ತಿತ್ತು, ಅಳುವವರನ್ನೂ ಅವರು ನಂಬುತ್ತಿರಲಿಲ್ಲ.

ಆ ಮಾತು ಇಷ್ಟು: ನಾವು ನಡೆದ ಆ ವರ್ಷವೇ, ಶ್ರಾವಣದಲ್ಲಿ, ನಮ್ಮಕ್ಕ ಹೋಗಿಬಿಟ್ಟಳು. ಅವ್ವ ಅಳಲಿಲ್ಲ. ಎಲ್ಲಿ ತಪ್ಪಾಯಿತೆಂದು ಹುಡುಕುತ್ತ ಕೂತಳು. ಡಾಕ್ಟರ ಮೇಲೆ ಅನುಮಾನ, ಗುಳಿಗೆಯ ಮೇಲೆ ಅನುಮಾನ, ಅಳಿಯನ ಮೇಲೆ ಅನುಮಾನ. ಮೂರನೇ ದಿನ ಮಧ್ಯಾಹ್ನ ಮಂದಿಯೆಲ್ಲ ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಖರೇ ಹೇಳವಾ. ದಾರ್‍ಯಾಗ ಎಲ್ಲೆರ ಗಾಡಿ ಹತ್ತಿದ್ದೇನ?"

"ಹತ್ತಿದ್ದೆ ಅವ್ವಾ. ಆಯಿ ವಾಪಸ್ ಕರಕೊಂಡು ಹೋಗಿ ಅದನ್ನೂ ನಡೆಸಿದ್ರು. ಒಂದು ಹೆಜ್ಜಿನೂ ಬಿಟ್ಟಿಲ್ಲ."

ಅವ್ವ ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು, ಮೂರು ದಿನದಲ್ಲಿ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು.